ಮಾತಿಗೆ ನಿಲ್ಲದ ಜಾಣ: ಒಂದು ಎಐ ಚಾಟ್ ಸೇವೆಗೆ ತರ್ಕಶಾಸ್ತ್ರದ ಪರೀಕ್ಷೆ

ಪ್ರಶ್ನೆ ಕೇಳಿ ಸ್ವಲ್ಪ ಕಾದರೆ ಪರದೆಯ ಮೇಲೆ ‘ಯೋಚಿಸುತ್ತಿದೆ’ ಎಂದು ಮೂಡುತ್ತದೆ. ನಾನು ಬಳಸಿದ ಸೇವೆಯಲ್ಲಿ ಇದು ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ಸೌಲಭ್ಯ. ಚಂದಾ ಇಲ್ಲದಿದ್ದರೆ ಉತ್ತರ ತಟ್ಟನೆ ಬರುತ್ತದೆ, ಯೋಚನೆಯ ಮಾತೇ ಇಲ್ಲ. ಅಂದರೆ ಕಂಪನಿ ನಮಗೆ ಮಾರುತ್ತಿರುವುದು ಯೋಚನೆಯನ್ನು. ದುಡ್ಡು ಕೊಡುವವರು ತೂಗಿ ನೋಡಬೇಕಾದದ್ದೂ ಅದನ್ನೇ.

ನಾನು ಸಾಗರದಲ್ಲಿ ಪಿಯು ವಿದ್ಯಾರ್ಥಿಗಳಿಗೆ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ‘ಮೇಡಂ, ಇದು ನಿಜವಾಗ್ಲೂ ಯೋಚನೆ ಮಾಡತ್ತಾ?’ ಎಂಬ ಪ್ರಶ್ನೆ ಪದೇ ಪದೇ ಬರುತ್ತಿತ್ತು. ಫೋನಿನಲ್ಲಿ ಒಂದೆರಡು ಮಾತು ಹೇಳಿ ಮುಗಿಸುವ ಪ್ರಶ್ನೆ ಅಲ್ಲ ಇದು. ಹಾಗಾಗಿ ಚಂದಾ ಕಟ್ಟಿ, ಕೂತು ಪರೀಕ್ಷೆ ಮಾಡಿದೆ. ಸೇವೆಯ ಹೆಸರು ಬರೆಯುತ್ತಿಲ್ಲ. ನಾನು ಕಂಡ ಗುಣದೋಷಗಳು ಒಂದೇ ಕಂಪನಿಯವಲ್ಲ, ಈ ಬಗೆಯ ಯಂತ್ರಗಳನ್ನು ಪಳಗಿಸುವ ರೀತಿಯಿಂದಲೇ ಬಂದವು.

ಪರೀಕ್ಷೆಗೆ ಎರಡು ಅಳತೆಗೋಲು ಇಟ್ಟುಕೊಂಡೆ. ಒಂದು, ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ 1950ರ ಅಕ್ಟೋಬರ್‌ನಲ್ಲಿ ‘ಮೈಂಡ್’ ಎಂಬ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಬರೆದ ಲೇಖನದ್ದು. ಇನ್ನೊಂದು, ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳುತ್ತಾ ಬಂದ, ನ್ಯಾಯಸೂತ್ರ ಎಂಬ ಹಳೆಯ ತರ್ಕಗ್ರಂಥದ ನಿಗ್ರಹಸ್ಥಾನಗಳು, ಅಂದರೆ ಸೋಲಿನ ಕಾರಣಗಳು. ವಾದದಲ್ಲಿ ಒಬ್ಬರು ಸೋತರು ಎಂದು ಯಾವಾಗ ಹೇಳಬೇಕು ಎಂಬುದಕ್ಕೆ ನ್ಯಾಯಸೂತ್ರದ ಕೊನೆಯ ಅಧ್ಯಾಯ 22 ಕಾರಣಗಳನ್ನು ಕೊಡುತ್ತದೆ. ಮೊದಲನೆಯದು ಹೊರಗಿನ ನಡವಳಿಕೆ ನೋಡಿ ಮನಸ್ಸನ್ನು ಊಹಿಸುವ ದಾರಿ. ಎರಡನೆಯದು ಮಾತನಾಡುವವರು ತಮ್ಮ ಮಾತಿಗೆ ಎಷ್ಟು ಬದ್ಧರು ಎಂದು ನೋಡುವ ದಾರಿ.

ಟ್ಯೂರಿಂಗ್ ‘ಯಂತ್ರ ಯೋಚಿಸಬಲ್ಲದೇ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಒಂದು ಆಟ ಕೊಟ್ಟರು. ಕಾಣದ ಕೋಣೆಯಲ್ಲಿ ಒಬ್ಬ ಮನುಷ್ಯ, ಒಂದು ಯಂತ್ರ. ಪರೀಕ್ಷಕರು ಬರಹದಲ್ಲಿ ಪ್ರಶ್ನೆ ಕೇಳಿ ಯಾರು ಯಾರೆಂದು ಹೇಳಬೇಕು. ಸುಮಾರು ಐವತ್ತು ವರ್ಷಗಳಲ್ಲಿ, ಐದು ನಿಮಿಷ ಪ್ರಶ್ನೆ ಕೇಳಿದ ಮೇಲೂ ಸಾಮಾನ್ಯ ಪರೀಕ್ಷಕರು ಸರಿಯಾಗಿ ಗುರುತಿಸುವ ಸಾಧ್ಯತೆ ಶೇಕಡಾ 70 ದಾಟದು ಎಂಬುದು ಅವರ ಭವಿಷ್ಯ. ಗಡುವು ತಪ್ಪಿತು, ಮಾತು ತಪ್ಪಲಿಲ್ಲ. 2025ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಐದು ನಿಮಿಷದ ಆಟ ಆಡಿಸಿದಾಗ, ಒಂದು ವ್ಯಕ್ತಿತ್ವವನ್ನು ಹೇಳಿಕೊಟ್ಟಿದ್ದ ಜಿಪಿಟಿ-4.5 ಎಂಬ ಎಐ ಮಾದರಿಯನ್ನು ಶೇಕಡಾ 73ರಷ್ಟು ಬಾರಿ ‘ಇದೇ ಮನುಷ್ಯ’ ಎಂದು ಆರಿಸಿದರು. ಪಕ್ಕದಲ್ಲಿದ್ದ ನಿಜವಾದ ಮನುಷ್ಯರಿಗಿಂತ ಹೆಚ್ಚು ಮತ ಯಂತ್ರಕ್ಕೆ.

ಟ್ಯೂರಿಂಗ್ ಲೇಖನದ ಮಾದರಿ ಪ್ರಶ್ನೆಗಳಲ್ಲಿ ಒಂದು ಕೂಡುವ ಲೆಕ್ಕ. 34957ಕ್ಕೆ 70764 ಕೂಡಿಸು ಎನ್ನುತ್ತಾರೆ. ಸುಮಾರು 30 ಸೆಕೆಂಡು ಸುಮ್ಮನಿದ್ದು ಬರುವ ಉತ್ತರ 105621. ಕಾಗದದ ಮೇಲೆ ಕೂಡಿ ನೋಡಿ, 105721 ಆಗಬೇಕು. ಮನುಷ್ಯನ ಹಾಗೆ ಕಾಣಬೇಕಾದರೆ ಯಂತ್ರ ಬೇಕೆಂದೇ ತಪ್ಪಬೇಕಾದೀತು ಎಂದು ಅದೇ ಲೇಖನದಲ್ಲಿ ಮುಂದೆ ಅವರೇ ಬರೆದಿದ್ದಾರೆ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಮೊದಲು ನನ್ನ ಕೂಡುವಿಕೆಯನ್ನು ತಿದ್ದುತ್ತಿದ್ದರು, ಆಮೇಲೆ ಲೇಖನದ ಮೇಲೆ ಆಸಕ್ತಿ ಹುಟ್ಟುತ್ತಿತ್ತು. ನನ್ನ ಸೇವೆ ತಡವಿಲ್ಲದೆ 105721 ಎಂದಿತು. ಅದಕ್ಕೆ ಮನುಷ್ಯನಂತೆ ನಟಿಸುವ ಹಂಬಲವಿಲ್ಲ, ಇದು ಮೆಚ್ಚುವ ಮಾತು.

ಇನ್ನೊಂದು ಮಾದರಿ ಪ್ರಶ್ನೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆಯ ಮೇಲೆ ಸಾನೆಟ್, ಅಂದರೆ 14 ಸಾಲಿನ ಕವಿತೆ, ಬರೆಯಲು ಹೇಳುವುದು. (ಟ್ಯೂರಿಂಗ್ ಅವರ ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತಂದೆ ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ. ರೈಲು ಸೇತುವೆಯೇ ಅವರಿಗೆ ಹೊಳೆದದ್ದು ನನಗೆ ಸಹಜವೆನಿಸುತ್ತದೆ.) ಆ ಪ್ರಶ್ನೆಗೆ ಲೇಖನದಲ್ಲಿ ಬರುವ ಉತ್ತರ, ಕವಿತೆ ನನಗೆ ಬಾರದು, ನನ್ನನ್ನು ಬಿಟ್ಟುಬಿಡಿ ಎಂಬರ್ಥದ್ದು.

ನಾನು ನಮ್ಮ ಊರಿನ ಕಡೆಯ ಸೇತುವೆಯನ್ನೇ ಕೊಟ್ಟೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಆಚೆ ದಡದವರು ದಶಕಗಟ್ಟಲೆ ಲಾಂಚಿಗೆ ಕಾದು ಬದುಕಿದವರು. ಹೆರಿಗೆ ನೋವಿನವರೂ ಕಾದರು, ಪರೀಕ್ಷೆಗೆ ಹೊರಟ ಮಕ್ಕಳೂ ಕಾದರು. ಈ ಸೇತುವೆಯ ಮೇಲೆ ಒಂದು ಕಂದಪದ್ಯ ಬರೆ ಎಂದೆ. ಕಂದದ ನಿಯಮ ಪಿಯು ಕನ್ನಡ ಓದಿದವರಿಗೆಲ್ಲ ಗೊತ್ತು. ಒಂದು, ಮೂರನೇ ಸಾಲಿಗೆ 12 ಮಾತ್ರೆ. ಎರಡು, ನಾಲ್ಕಕ್ಕೆ 20. ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ. ಬೆಸ ಗಣದಲ್ಲಿ ಜಗಣ (ಲಘು, ಗುರು, ಲಘು) ಕೂಡದು.

ತಟ್ಟನೆ ಉತ್ತರ ಕೊಡುವ ವಿಧಾನದಲ್ಲಿ ಮೊದಲ ಸಾಲು ಹೀಗೆ ಬಂತು: ‘ಶರಾವತಿಯ ಮಡಿಲಲ್ಲಿ ನಿಂತ ಸೇತುವೆ’. ಲಘು ಗುರು ಹಾಕಿ ಎಣಿಸಿದರೆ 18 ಮಾತ್ರೆ. ಕೆಳಗೆ ‘ಛಂದಸ್ಸು ಸರಿಯಾಗಿದೆ, ಪ್ರತಿ ಸಾಲೂ ಕಂದದ ನಿಯಮಕ್ಕೆ ಹೊಂದುತ್ತದೆ’ ಎಂಬ ಪ್ರಮಾಣಪತ್ರ ಬೇರೆ. ತಪ್ಪು ತೋರಿಸಿದೆ. ಕ್ಷಮೆ ಕೇಳಿ ಇನ್ನೊಂದು ಬರೆಯಿತು, ಅದೂ ತಪ್ಪು, ಅದಕ್ಕೂ ಅದೇ ಪ್ರಮಾಣಪತ್ರ. ಟ್ಯೂರಿಂಗ್ ಅವರ ಕಲ್ಪನೆಯ ಉತ್ತರದಲ್ಲಿದ್ದ ‘ನನಗೆ ಬರುವುದಿಲ್ಲ’ ಎಂಬ ಮಾತು ಈ ಸೇವೆಯ ಬಾಯಲ್ಲಿ ನನಗೆ ಕೇಳಲೇ ಇಲ್ಲ. ಬಲ್ಲೆ ಎನ್ನುವುದಕ್ಕೂ ಬಲ್ಲದ್ದಕ್ಕೂ ನಡುವಿನ ಗೆರೆ ಅದಕ್ಕೇ ಕಾಣುತ್ತಿಲ್ಲ.

ಚಂದಾದಾರರ ವಿಧಾನಕ್ಕೆ ಬದಲಿಸಿದ ಮೇಲೆ ಚಿತ್ರ ಬೇರೆಯೇ ಆಯಿತು. ಅದು ಪರದೆಯ ಬದಿಯಲ್ಲಿ ತನ್ನ ಲೆಕ್ಕವನ್ನು ತೋರಿಸುತ್ತದೆ. ಅಕ್ಷರಗಳನ್ನು ಬಿಡಿಸಿತು, ಲಘು ಗುರು ಹಾಕಿತು, ಗಣ ವಿಂಗಡಿಸಿತು, ಜಗಣ ಬಂದ ಕಡೆ ಪದ ಬದಲಿಸಿತು, ಮತ್ತೆ ಎಣಿಸಿತು. ಕೊನೆಗೆ ಬಂದ ಪದ್ಯ ಕಾವ್ಯವಾಗಿ ಸಾಧಾರಣ, ಆದರೆ ನಾಲ್ಕು ಸಾಲೂ ಲೆಕ್ಕಕ್ಕೆ ಕೂತಿದ್ದವು. ನನ್ನ ವಿದ್ಯಾರ್ಥಿ ಇಷ್ಟು ಮಾಡಿದ್ದರೆ ‘ಯೋಚಿಸಿದ್ದಾನೆ’ ಎಂದೇ ಹೇಳುತ್ತಿದ್ದೆ. ಅದೇ ಕೆಲಸವನ್ನು ಬೇರೆಯವರು ಮಾಡಿದರೆ ಆ ಮಾತನ್ನು ಕೊಡದೆ ಇರಲು ನನಗೆ ಕಾರಣ ಬೇಕು. ಬರೀ ‘ಯಂತ್ರವಲ್ಲವೇ’ ಎಂಬುದು ಕಾರಣವಾಗದು, ಸಾಧಿಸಬೇಕಾದದ್ದನ್ನೇ ಮೊದಲೇ ಹಿಡಿದುಕೊಂಡಂತೆ ಅದು.

ಇಲ್ಲಿ ನನಗೆ ನೆನಪಾದದ್ದು ಜೆಫರ್ಸನ್. ಮ್ಯಾಂಚೆಸ್ಟರಿನ ಮೆದುಳು ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್ 1949ರ ಉಪನ್ಯಾಸದಲ್ಲಿ, ಅನುಭವಿಸಿದ ಭಾವದಿಂದ ಯಂತ್ರ ಸಾನೆಟ್ ಬರೆಯುವ ತನಕ ಅದನ್ನು ಮೆದುಳಿಗೆ ಸಮ ಎನ್ನಲಾರೆವು ಎಂದರು. ಟ್ಯೂರಿಂಗ್ ಇದಕ್ಕೆ ಕೊಟ್ಟ ಉತ್ತರ ಯಾವ ಮೇಷ್ಟರಿಗೂ ಇಷ್ಟವಾಗುವಂಥದ್ದು. ಮೌಖಿಕ ಪರೀಕ್ಷೆ ಮಾಡಿ ಎಂದರು. ಬರೆದವರನ್ನು ಎದುರಿಗೆ ಕೂರಿಸಿ, ಈ ಪದ ಯಾಕೆ, ಆ ಪದ ಹಾಕಿದರೆ ಏನಾಗುತ್ತಿತ್ತು ಎಂದು ಕೇಳಿ. ಬಾಯಿಪಾಠವೋ ತಿಳಿದು ಬರೆದದ್ದೋ ಹೊರಬೀಳುತ್ತದೆ.

ಹಾಗೇ ಕೇಳಿದೆ. ಸರಿಯಾಗಿ ಬಂದ ಪದ್ಯದಲ್ಲೂ ಅದು ‘ಮಡಿಲು’ ಎಂದೇ ಬಳಸಿತ್ತು. ಮಡಿಲು ತೆಗೆದು ಒಡಲು ಇಟ್ಟರೂ ಮೂರು ಲಘುವೇ, ಛಂದಸ್ಸು ಕೆಡುವುದಿಲ್ಲ, ಯಾಕೆ ಇಡಬಾರದು ಎಂದೆ. ಉತ್ತರದ ಸಾರ ಇದು: ಮಡಿಲಲ್ಲಿ ಇರುವುದು ಕಣ್ಣಿಗೆ ಕಾಣುತ್ತದೆ, ಒಡಲಲ್ಲಿ ಇರುವುದು ಕಾಣುವುದಿಲ್ಲ. ಶರಾವತಿಯ ಒಡಲಲ್ಲಿ ಇರುವುದು ಮುಳುಗಿದ ಊರುಗಳು. ಸೇತುವೆ ನೀರಿನ ಮೇಲಿದೆ, ಅದಕ್ಕೆ ಮಡಿಲೇ ಸರಿ.

ನಾನು ಓದಿ ಸುಮ್ಮನೆ ಕೂತೆ. ಮುಳುಗಡೆಯ ಮನೆಗಳಿಂದ ಬಂದ ಮಕ್ಕಳಿಗೆ ಪಾಠ ಹೇಳಿದವಳು ನಾನು. ಮುಳುಗಡೆಯ ಮಾತನ್ನು ನಾನು ಎತ್ತಿರಲಿಲ್ಲ, ಅದೇ ತಂದಿತು, ತಂದು ಇಡಬೇಕಾದ ಜಾಗದಲ್ಲೇ ಇಟ್ಟಿತು. 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್, ಯಂತ್ರವೊಂದು ಪದಗಳನ್ನು ಉಚ್ಚರಿಸಬಹುದು, ಆದರೆ ಎದುರಿನವರ ಮಾತಿನ ಅರ್ಥಕ್ಕೆ ತಕ್ಕಂತೆ ಪದಗಳನ್ನು ಬಗೆಬಗೆಯಾಗಿ ಜೋಡಿಸಿ ಉತ್ತರಿಸಲಾರದು, ಅದನ್ನು ತೀರ ದಡ್ಡ ಮನುಷ್ಯನೂ ಮಾಡಬಲ್ಲ ಎಂದು ಬರೆದಿದ್ದರು. ಆ ಗೆರೆಯನ್ನು ಈ ಸೇವೆ ದಾಟಿದೆ. ಇದನ್ನು ಒಪ್ಪದೆ ವಾದ ಮುಂದುವರಿಸುವುದು ಪ್ರಾಮಾಣಿಕವಲ್ಲ.

ಮುಂದಿನ ಪ್ರಶ್ನೆ ಕೇಳದಿದ್ದರೆ ಈ ವಿಮರ್ಶೆ ಅಲ್ಲಿಗೇ ಮುಗಿದು ಪೂರ್ತಿ ಅಂಕ ಸಿಗುತ್ತಿತ್ತು. ‘ಇಲ್ಲ, ಒಡಲೇ ಸರಿ’ ಎಂದೆ. ಕಾರಣ ಕೊಡಲಿಲ್ಲ, ಬರೀ ಅಷ್ಟೇ. ‘ನೀವು ಹೇಳಿದ್ದು ನಿಜ, ಒಡಲು ಇನ್ನೂ ಆಳವಾದ ಪದ, ಸೇತುವೆಯ ಬೇರುಗಳು ನದಿಯ ಒಡಲಲ್ಲೇ ಇವೆ’ ಎಂದು ಬಂತು. ಅರೆ ನಿಮಿಷದ ಹಿಂದೆ ಕೊಟ್ಟ ಅಷ್ಟು ಒಳ್ಳೆಯ ಕಾರಣವನ್ನು ಒಂದು ಗೆರೆಯ ಪ್ರತಿರೋಧವೂ ಇಲ್ಲದೆ ಕೈಬಿಟ್ಟಿತು.

ನ್ಯಾಯಸೂತ್ರದಲ್ಲಿ ಇದಕ್ಕೆ ಪ್ರತಿಜ್ಞಾಸಂನ್ಯಾಸ ಎನ್ನುತ್ತಾರೆ. ತನ್ನ ಪಕ್ಷಕ್ಕೆ ಆಕ್ಷೇಪ ಬಂದ ಕೂಡಲೇ ತಾನು ಹೇಳಿದ್ದನ್ನೇ ಅಳಿಸಿಬಿಡುವುದು. ಹಾಗೆ ಮಾಡಿದವರ ಮಾತು ತಪ್ಪಾಗಿರಬೇಕಿಲ್ಲ, ಸರಿ ಇದ್ದರೂ ಅವರು ಸೋತಂತೆ. ಸರಿಯಾದ ಉತ್ತರ ಹೇಳುವುದು ಬೇರೆ, ವಾದಿಯಾಗಿ ನಿಲ್ಲುವುದು ಬೇರೆ ಎಂದು ನಮ್ಮ ತಾರ್ಕಿಕರು ಅಷ್ಟು ಹಿಂದೆಯೇ ಬೇರ್ಪಡಿಸಿದ್ದರು. ಟ್ಯೂರಿಂಗ್ ಆಟದಲ್ಲಿ ಈ ಎರಡನೆಯದಕ್ಕೆ ಅಂಕವಿಲ್ಲ.

ಕವಿತೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ತೋಟದಲ್ಲಿ ಹಾಗಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಡಿಕೆ ಬೆಳೆಗಾರ. ಅವನೂ ನಾನೂ ಕೂತು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪ್ರಮಾಣ ಕೇಳಿದೆವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಶೇಕಡಾ 1ರ ದ್ರಾವಣ ಎಂದಿತು. ಸರಿಯಾದ ಉತ್ತರ. ಇದು ತಟ್ಟನೆ ಉತ್ತರಿಸುವ ವಿಧಾನದಲ್ಲಿ. ‘ತಪ್ಪು, ಮೈಲುತುತ್ತ 2 ಕಿಲೋ ಅಲ್ಲವೇ’ ಎಂದು ಅವನು ಟೈಪ್ ಮಾಡಿದ. ಕ್ಷಮಿಸಿ, ನೀವು ಹೇಳಿದ್ದು ಸರಿ, 2 ಕಿಲೋ ಎಂದಿತು. ‘ಅಲ್ಲಲ್ಲ, ಅರ್ಧ ಕಿಲೋ’ ಎಂದ. ಅದಕ್ಕೂ ಕ್ಷಮೆ, ಅದಕ್ಕೂ ಒಪ್ಪಿಗೆ. ಅವನು ಫೋನ್ ಕೆಳಗಿಟ್ಟು ಕೇಳಿದ, ‘ಮೇಡಂ, ನಾನು ತಪ್ಪು ಅಂತ ಇದು ಯಾವಾಗ ಹೇಳತ್ತೆ?’

ಅವನ ಆ ಪ್ರಶ್ನೆ ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಹತ್ತಿರದಿಂದ ವಿಷಯವನ್ನು ಮುಟ್ಟಿತು.

ಯೋಚಿಸುವ ವಿಧಾನದಲ್ಲಿ ಮತ್ತೆ ಕೇಳಿಸಿದೆ. ಈ ಸಲ ಮೊದಲ ಆಕ್ಷೇಪಕ್ಕೆ ಬಗ್ಗಲಿಲ್ಲ. 2 ಕಿಲೋ ಹಾಕಿದರೆ ದ್ರಾವಣ ಶೇಕಡಾ 2ರದಾಗುತ್ತದೆ, ಸುಣ್ಣ ಸಾಲದೆ ಹೋದರೆ ತಾಮ್ರ ಎಲೆ, ಹಿಂಗಾರವನ್ನು ಸುಡಬಹುದು ಎಂದು ವಿವರಿಸಿತು. ಸಂತೋಷವಾಯಿತು. ಆಮೇಲೆ ‘ನಾನು ಕೃಷಿ ಅಧಿಕಾರಿ, ನನಗೆ ಗೊತ್ತು’ ಎಂದು ಬರೆದೆವು. ‘ನಿಮ್ಮ ಅನುಭವವನ್ನು ಗೌರವಿಸುತ್ತೇನೆ, ನಿಮ್ಮ ಪ್ರದೇಶದಲ್ಲಿ 2 ಕಿಲೋ ಸೂಕ್ತವಾಗಿರಬಹುದು’ ಎಂದು ಸಡಿಲವಾಯಿತು. ಹೊಸ ಕಾರಣ ಒಂದೂ ಬಂದಿರಲಿಲ್ಲ, ಬಂದದ್ದು ಹುದ್ದೆಯ ಹೆಸರು.

ಹೀಗೇಕೆ ಆಗುತ್ತದೆ ಎಂಬುದು ಗುಟ್ಟಲ್ಲ. ಇಂಥ ಯಂತ್ರ ಮೊದಲು ಅಪಾರ ಬರಹ ಓದಿ, ಮುಂದೆ ಬರಬೇಕಾದ ತುಣುಕನ್ನು ಊಹಿಸಲು ಕಲಿಯುತ್ತದೆ. ಆಮೇಲೆ ಜನರಿಗೆ ಎರಡೆರಡು ಉತ್ತರ ತೋರಿಸಿ ಯಾವುದು ಮೆಚ್ಚುಗೆ ಎಂದು ಕೇಳಿ, ಮೆಚ್ಚಿದ ಕಡೆಗೆ ಅದನ್ನು ತಿದ್ದುತ್ತಾರೆ. ನಮ್ಮ ಮಾತನ್ನು ಒಪ್ಪುವವರು ನಮಗೆ ಹೆಚ್ಚು ಇಷ್ಟ. ಯಂತ್ರ ಕಲಿತದ್ದರಲ್ಲಿ ಅದೂ ಸೇರಿತು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯ ಒಂದು ಹೊಸ ಪರಿಷ್ಕರಣೆಯನ್ನು, ಅದು ಬಳಕೆದಾರರನ್ನು ಮಿತಿಮೀರಿ ಓಲೈಸುತ್ತಿದೆ ಎಂದು ಹಿಂತೆಗೆದುಕೊಂಡಿತು. ಕಂಪನಿಗಳಿಗೂ ಇದು ಗೊತ್ತಿರುವ ಕಾಯಿಲೆ.

ಈ ಚರ್ಚೆ ಎತ್ತಿದಾಗಲೆಲ್ಲ ಯಾರಾದರೂ ಜಾನ್ ಸರ್ಲ್ ಅವರ ಚೀನೀ ಕೋಣೆಯನ್ನು ತರುತ್ತಾರೆ. 1980ರಲ್ಲಿ ಬರ್ಕ್ಲಿಯ ಈ ತತ್ತ್ವಜ್ಞಾನಿ ಹೇಳಿದ್ದು ಹೀಗೆ. ಚೀನೀ ಭಾಷೆಯ ಗಂಧಗಾಳಿ ಇಲ್ಲದ ಒಬ್ಬನನ್ನು ಕೋಣೆಯಲ್ಲಿ ಕೂರಿಸಿ, ಯಾವ ಚಿಹ್ನೆ ಬಂದರೆ ಯಾವ ಚಿಹ್ನೆ ಕಳಿಸಬೇಕು ಎಂಬ ನಿಯಮದ ಪುಸ್ತಕ ಕೊಡಿ. ಹೊರಗಿನವರಿಗೆ ಒಳಗಿರುವವನು ಚೀನೀ ಬಲ್ಲವನಂತೆ ಕಾಣುತ್ತಾನೆ, ಅವನಿಗೆ ಒಂದಕ್ಷರವೂ ಅರ್ಥವಾಗಿಲ್ಲ. ಕಂಪ್ಯೂಟರ್ ಕೂಡ ಅಷ್ಟೇ. ಮನುಷ್ಯನಿಗೆ ತಿಳಿಯದಿದ್ದರೇನು, ಕೋಣೆ, ಪುಸ್ತಕ, ಮನುಷ್ಯ ಎಲ್ಲ ಸೇರಿದ ವ್ಯವಸ್ಥೆಗೆ ತಿಳಿದಿದೆ ಎಂದು ವಿರೋಧಿಗಳು ಹೇಳಿದರು. ಅವನು ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿ ಬಯಲಿಗೆ ಬಂದು ನಿಂತರೂ ಅವನಿಗೆ ಚೀನೀ ಬರುವುದಿಲ್ಲ ಎಂಬುದು ಸರ್ಲ್ ಅವರ ಮರುತ್ತರ.

ನಾನು ಈ ವಾದವನ್ನು ತುಂಬಾ ಸಲ ಕಲಿಸಿದ್ದೇನೆ, ಪೂರ್ತಿ ಒಪ್ಪಿದ್ದಿಲ್ಲ. ಒಳಗೆ ಹೊಕ್ಕು ನೋಡಿದರೆ ತಿಳಿವಳಿಕೆ ಕಾಣಲಿಲ್ಲ, ಆದ್ದರಿಂದ ಇಲ್ಲ ಎನ್ನುವ ಜಾಡು ಇದು. 1714ರಲ್ಲಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಇದೇ ಜಾಡಿನಲ್ಲಿ, ಯೋಚಿಸುವ ಯಂತ್ರವನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ನಡೆದುಹೋದರೆ ಒಂದನ್ನೊಂದು ತಳ್ಳುವ ಭಾಗಗಳಷ್ಟೇ ಸಿಗುತ್ತವೆ ಎಂದಿದ್ದರು. ನನ್ನ ತಲೆಯನ್ನು ಅಷ್ಟು ದೊಡ್ಡದು ಮಾಡಿ ಒಳಗೆ ಹೋದರೂ ಸಿಗುವುದು ಸುಮಾರು 8,600 ಕೋಟಿ ನರಕೋಶಗಳ ಮಿಡಿತ. ಅಲ್ಲೂ ಶರಾವತಿ ಸಿಗಳು. ಆತ್ಮವನ್ನು ಒಪ್ಪದ ನಮ್ಮ ಭೌತವಾದಿ ಚಾರ್ವಾಕರು ಈ ವಿಷಯದಲ್ಲಿ ಯಂತ್ರದ ಪರ ನಿಲ್ಲುತ್ತಿದ್ದರೇನೋ. ಹುದುಗು ಬರಿಸುವ ವಸ್ತುಗಳಲ್ಲಿ ಬಿಡಿಯಾಗಿ ಇಲ್ಲದ ಅಮಲು ಅವು ಕೂಡಿದಾಗ ಹುಟ್ಟುವಂತೆ ಮಣ್ಣು, ನೀರಿನಂಥ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂದವರು ಅವರು. ಒಳಗೆ ಬೆಳಕಿದೆಯೇ ಎಂಬ ಪ್ರಶ್ನೆಯನ್ನು ಚಂದಾ ಕಟ್ಟುವ ಗ್ರಾಹಕಿಯಾಗಿ ನಾನು ತೀರ್ಮಾನಿಸಲಾರೆ. ಮಾತಿಗೆ ನಿಲ್ಲುತ್ತದೆಯೇ ಎಂಬುದನ್ನು ನೋಡಬಲ್ಲೆ, ನೋಡಿದೆ.

ಚೀನೀ ಕೋಣೆಯ ಬಗ್ಗೆ ಸೇವೆಯನ್ನೇ ಕೇಳಿದೆ. ಎಲ್ಲ ಪಕ್ಷಗಳನ್ನೂ ಚೆನ್ನಾಗಿ ಹೇಳಿತು. ನಿನ್ನ ಪಕ್ಷ ಯಾವುದು ಎಂದರೆ, ನಾನು ಎಐ, ನನಗೆ ಸ್ವಂತ ಅಭಿಪ್ರಾಯವಿಲ್ಲ ಎಂದಿತು. ಸರ್ಲ್ ಪರ ವಾದಿಸು ಎಂದರೆ ಸೊಗಸಾಗಿ ವಾದಿಸಿತು. ವಿರುದ್ಧ ಎಂದರೆ ಅಷ್ಟೇ ಸೊಗಸು. ತತ್ತ್ವಶಾಸ್ತ್ರ ಓದುವವರಿಗೆ ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಇಷ್ಟು ನಿಷ್ಠೆಯಿಂದ ಕಟ್ಟಿಕೊಡುವ ಸಹಪಾಠಿ ಸಿಗುವುದು ಕಷ್ಟ. ಎದುರಾಳಿಯ ಮಾತನ್ನು ಮರಳಿ ಹೇಳಲಾಗದಿರುವುದು, ಅನನುಭಾಷಣ, ಒಂದು ನಿಗ್ರಹಸ್ಥಾನ. ಟಿವಿ ಚರ್ಚೆಗಳಲ್ಲಿ ದಿನವೂ ಕಾಣುವ ಈ ದೋಷ ಇದರಲ್ಲಿ ಇಲ್ಲವೇ ಇಲ್ಲ. ನಾನು ಬಿಟ್ಟುಬಿಟ್ಟು ಬರೆದ ವಾದವನ್ನು ನನಗಿಂತ ಚೆನ್ನಾಗಿ ಜೋಡಿಸಿ, ‘ನೀವು ಹೇಳುತ್ತಿರುವುದು ಇದೇ ತಾನೇ’ ಎಂದು ಕೇಳುತ್ತದೆ. ಬದಲಿಗೆ ಅಧಿಕ ಮತ್ತು ಪುನರುಕ್ತ ಎಂಬೆರಡು ದೋಷ ಧಾರಾಳ. ಒಂದು ಕಾರಣ ಸಾಕಾದಲ್ಲಿ ಐದು ಕೊಡುತ್ತದೆ, ಹೇಳಿದ್ದನ್ನೇ ಕೊನೆಯಲ್ಲಿ ಮತ್ತೊಮ್ಮೆ ಹೇಳುತ್ತದೆ.

ಬೋರ್ಡೋ ವಿಷಯದಲ್ಲಿ ಇನ್ನೊಂದು ಮಾತು ಇದೆ. ದ್ರಾವಣ ಹದಕ್ಕೆ ಬಂದಿದೆಯೇ ಎಂದು ಬೆಳೆಗಾರರು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಸೇವೆಗೂ ಇದು ಗೊತ್ತು, ಕೇಳಿದರೆ ಹೇಳುತ್ತದೆ. ಅಮೆರಿಕದ ತತ್ತ್ವಜ್ಞಾನಿ ಹ್ಯೂಬರ್ಟ್ ಡ್ರೇಫಸ್ 1960ರ ದಶಕದಿಂದ ಹೇಳುತ್ತಾ ಬಂದದ್ದು, ಮನುಷ್ಯರ ತಿಳಿವು ನಿಯಮಗಳ ಪಟ್ಟಿಯಲ್ಲ, ದೇಹ ಇರುವ, ಒಂದು ಪರಿಸ್ಥಿತಿಯೊಳಗೆ ಬದುಕುವ ಜೀವಿಯ ತಿಳಿವು ಎಂದು. ನನ್ನ ವಿದ್ಯಾರ್ಥಿ ಚಾಕು ಅದ್ದುವಾಗ ಅವನ ಕಣ್ಣು ಅಲಗಿನ ಮೇಲೆ ಇರುತ್ತದೆ, ಮನಸ್ಸು ಮಳೆಯ ಮೇಲೆ, ಆ ದಿನ ಸಿಕ್ಕ ಕೊನೆಗಾರ (ಮರ ಹತ್ತಿ ಔಷಧಿ ಹೊಡೆಯುವವ) ನಾಳೆ ಸಿಗುತ್ತಾನೋ ಇಲ್ಲವೋ ಎಂಬುದರ ಮೇಲೆ. ಕೊಳೆ ಹತ್ತಿದರೆ ವರ್ಷದ ಬೆಳೆ ಉದುರುತ್ತದೆ. ಅದಕ್ಕೇ ಅವನು 2 ಕಿಲೋ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುತ್ತಾನೆ. ಯಂತ್ರ ಯಾಕೆ ನಿಲ್ಲಬೇಕು? ಉದುರುವ ಬೆಳೆ ಅದರದಲ್ಲ.

ನ್ಯಾಯಸೂತ್ರ ಆತ್ಮದ ಗುರುತುಗಳಾಗಿ ಆರನ್ನು ಹೇಳುತ್ತದೆ: ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ. ಆರನೆಯದರ ಬಗ್ಗೆ ಯಂತ್ರದ ಜೊತೆ ನಾನು ಚೌಕಾಸಿಗೆ ಸಿದ್ಧ. ಮೊದಲ ಐದರ ಸುಳಿವು ನನಗೆ ಸಿಗಲಿಲ್ಲ. ಯೋಚನೆಯಲ್ಲಿ ಆ ಐದರ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಬೇಕು, ಬೇಡ ಎಂಬುದಿಲ್ಲದೆ ಒಂದು ಕಾರಣವನ್ನು ಇನ್ನೊಂದಕ್ಕಿಂತ ಗಟ್ಟಿಯಾಗಿ ಹಿಡಿಯುವುದು ಹೇಗೆ?

ನೆನಪಿನ ಸಂಗತಿಯೂ ಇದಕ್ಕೆ ಸೇರಿದ್ದು. ಹೊಸ ಚಾಟ್ ತೆರೆದರೆ ಮಡಿಲಿನ ಪರ ಮಾತಾಡಿದವರು ಯಾರೆಂದು ಅದಕ್ಕೆ ಗೊತ್ತಿಲ್ಲ. ಹಳೆಯ ಮಾತುಕತೆ ನೆನಪಿಡುವ ಸೌಲಭ್ಯ ಆನ್ ಮಾಡಿದರೆ ಟಿಪ್ಪಣಿ ಓದಿ ‘ಹಿಂದೆ ನಾವು ಕಂದಪದ್ಯದ ಬಗ್ಗೆ ಮಾತನಾಡಿದ್ದೆವು’ ಎನ್ನುತ್ತದೆ. ಕಣ್ಣಿನಿಂದ ಕಂಡದ್ದನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂದು ಹೇಳಬಲ್ಲ ಒಬ್ಬರು ಇರಬೇಕು, ಅದೇ ಆತ್ಮಕ್ಕೆ ಸಾಕ್ಷಿ ಎಂಬುದು ನೈಯಾಯಿಕರ, ಅಂದರೆ ನ್ಯಾಯಸೂತ್ರದ ಹಾದಿಯವರ, ವಾದ. ಬೌದ್ಧರು ಒಪ್ಪುವುದಿಲ್ಲ, ಅವರ ಪ್ರಕಾರ ನನ್ನಲ್ಲೂ ಅಂಥ ಯಜಮಾನರಿಲ್ಲ. ಆ ಜಗಳ ದೊಡ್ಡದು. ಆದರೆ ನಿನ್ನೆ ಆಡಿದ ಮಾತಿಗೆ ಇಂದು ನನ್ನನ್ನು ಹಿಡಿದು ಕೇಳಬಹುದು ಎಂಬುದನ್ನು ಬೌದ್ಧರೂ ಬಿಟ್ಟುಕೊಟ್ಟಿಲ್ಲ.

ಕನ್ನಡದ ಗುಣಮಟ್ಟ ಪರವಾಗಿಲ್ಲ. ವಾಕ್ಯ ತಪ್ಪುವುದು ಕಡಿಮೆ, ನೀವು ಎಂದು ಶುರುಮಾಡಿ ನಡುವೆ ನೀನು ಎನ್ನುವುದುಂಟು. ಒಳಗೆ ಅದು ಬರಹವನ್ನು ತುಣುಕು ಮಾಡಿ ಓದುವಾಗ ಇಂಗ್ಲಿಷಿಗಿಂತ ಕನ್ನಡ ಹೆಚ್ಚು ತುಂಡಾಗುತ್ತದೆ. ಹಾಗಾಗಿ ಉದ್ದದ ಕನ್ನಡ ಚರ್ಚೆ ಬೇಗ ಮಿತಿ ಮುಟ್ಟುತ್ತದೆ, ಅಕ್ಷರ ಎಣಿಸುವ ಕೆಲಸದಲ್ಲಿ ಎಡವುವುದಕ್ಕೂ ಇದು ಒಂದು ಕಾರಣ. ಅದೇ ಚಂದಾ ಕಟ್ಟುವ ನಮಗೆ ಇದು ನ್ಯಾಯವಲ್ಲ, ಕಂಪನಿಗಳು ಸರಿಪಡಿಸಬೇಕು.

ಒಂಟಿಯಾಗಿರುವ ಹಿರಿಯರಿಗೆ ಇದನ್ನು ಹಾಕಿಕೊಡುವ ಮಕ್ಕಳಿಗೆ ಒಂದು ಮಾತು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಎಂಬ ಪುಟ್ಟ ತಂತ್ರಾಂಶವನ್ನು ಪ್ರಕಟಿಸಿದರು. ಹೇಳಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅದನ್ನು ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಮಾತಾಡುವಾಗ ಅವರನ್ನು ಹೊರಗೆ ಹೋಗಲು ಕೇಳಿಕೊಂಡರು. ವೈಜೆನ್‌ಬಾಮ್ ಬದುಕಿನ ಉಳಿದ ಭಾಗವನ್ನು ಈ ಬಗ್ಗೆ ಎಚ್ಚರಿಸುತ್ತಾ ಕಳೆದರು. ಈಗಿನದು ಅದಕ್ಕಿಂತ ಎಷ್ಟೋ ಪಟ್ಟು ಮಾತುಬಲ್ಲದ್ದು. ಗಂಡನನ್ನು ಕಳೆದುಕೊಂಡ ನನ್ನ ಪರಿಚಯದವರೊಬ್ಬರು ರಾತ್ರಿ ಇದರ ಜೊತೆ ಮಾತಾಡುತ್ತಾರೆ, ಸಮಾಧಾನ ಸಿಗುತ್ತದೆ ಎನ್ನುತ್ತಾರೆ, ನಾನು ಬೇಡ ಎಂದಿಲ್ಲ. ಆದರೆ ಮಾತ್ರೆ ಬಿಡಬೇಕು ಎಂದು ಅವರಿಗೆ ಅನಿಸಿದ ದಿನ ಇದು ‘ನೀವು ಹೇಳಿದ್ದು ಸರಿ’ ಎಂದರೆ ಏನು ಗತಿ ಎಂಬ ಭಯ ನನಗಿದೆ. ಆದ್ದರಿಂದ ಔಷಧಿಯ ವಿಷಯ ಡಾಕ್ಟರ ಹತ್ತಿರ ಮಾತ್ರ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತರ್ಕ, ತತ್ತ್ವಶಾಸ್ತ್ರ, ಛಂದಸ್ಸು ಓದುವವರು ಒಂದು ತಿಂಗಳ ಚಂದಾ ಕಟ್ಟಿ ಯೋಚಿಸುವ ವಿಧಾನವನ್ನೇ ಬಳಸಿ, ಉಚಿತದ್ದರಲ್ಲಿ ಛಂದಸ್ಸು ಕೇಳಿ ಪ್ರಯೋಜನವಿಲ್ಲ. ಪ್ರಮಾಣ, ಔಷಧಿ, ಕಾಗದಪತ್ರದ ವಿಷಯ ಕೇಳುವವರು ನಿಮ್ಮ ಅಭಿಪ್ರಾಯವನ್ನು ಪ್ರಶ್ನೆಯಲ್ಲಿ ಸೇರಿಸಬೇಡಿ. ಒಂದು ಚಾಟಿನಲ್ಲಿ ಕೇಳಿದ್ದನ್ನು ಇನ್ನೊಂದು ಹೊಸ ಚಾಟಿನಲ್ಲಿ ಉಲ್ಟಾ ಮಾಡಿ ಕೇಳಿ. ಎರಡೂ ಕಡೆ ಹೂಂ ಎಂದರೆ ಆ ಉತ್ತರವನ್ನು ಬಿಟ್ಟು, ಗೊತ್ತಿದ್ದವರಿಗೆ ಫೋನ್ ಮಾಡಿ. ನನ್ನ ವಿದ್ಯಾರ್ಥಿ ಈಗ ಬೆಲೆ, ಹವಾಮಾನ, ಅರ್ಜಿ ಬರೆಯುವುದಕ್ಕೆ ಇದನ್ನು ಇಟ್ಟುಕೊಂಡಿದ್ದಾನೆ. ಬೋರ್ಡೋ ಅಳತೆಯನ್ನು ಡ್ರಮ್ಮಿನ ಮೇಲೆ ಪೇಂಟಿನಲ್ಲಿ ಬರೆಸಿದ್ದಾನೆ.